ಪುಟ್ಟ ಮಕ್ಕಳ ಜೊತೆ ಪ್ರಜಾಪ್ರಭುತ್ವ: ಅಂಗನವಾಡಿ, ಶಿಶುವಿಹಾರ, ಪ್ರೀ-ಸ್ಕೂಲ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಅಂಗನವಾಡಿ ಕಾರ್ಯಕರ್ತೆಯರು, ಪ್ರೀ-ಸ್ಕೂಲ್ ಶಿಕ್ಷಕರು ಮತ್ತು ಪೋಷಕರು ತರಬೇತಿಗಳಲ್ಲಿ, ಪತ್ರಗಳಲ್ಲಿ, ಸಭೆ ಮುಗಿದ ಮೇಲಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರು ಮೊದಲಿನಿಂದ ಓದಿ; ಈಗಾಗಲೇ ಶುರು ಮಾಡಿದವರು ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲ ಗೊಂದಲಗಳು

ಮೂರು ವರ್ಷದ ಮಗುಗೆ ಪ್ರಜಾಪ್ರಭುತ್ವ ಅಂದ್ರೆ ಏನು ಅಂತ ಹೇಗ್ರೀ ಹೇಳೋದು?

ಹೇಳಬೇಕಾಗಿಯೇ ಇಲ್ಲ. ಶಾಸಕರು, ಸಂಸತ್ತು, ಚುನಾವಣಾ ಆಯೋಗ ಎಲ್ಲ ಮುಂದೆ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬರುತ್ತವೆ. ಮೂರರಿಂದ ಆರು ವರ್ಷದೊಳಗೆ ಮಗು ತಿಳಿದುಕೊಳ್ಳುವುದು ಬೇರೆ. ನಾನು ಹೇಳಿದ್ದನ್ನು ಇಲ್ಲಿ ಯಾರಾದರೂ ಕಿವಿಗೆ ಹಾಕಿಕೊಳ್ಳುತ್ತಾರಾ? ಹಾಕಿಕೊಂಡರೆ ಏನಾದರೂ ಬದಲಾಗುತ್ತದಾ? ನನಗೆ ಬೇಡವಾದದ್ದು ಪಕ್ಕದವಳಿಗೆ ಬೇಕೆಂದರೆ ಏನು ಮಾಡುತ್ತೇವೆ?

"ಯಾವ ಹಾಡು ಹಾಡೋಣ?" ಎಂದು ಟೀಚರ್ ಕೇಳುತ್ತಾರೆ, ಮಕ್ಕಳು ಆನೆ ಹಾಡು ಅನ್ನುತ್ತಾರೆ, ಆದರೆ ವಾರದ ಪಟ್ಟಿಯಲ್ಲಿ ಮಳೆ ಹಾಡು ಇದೆಯೆಂದು ಅದನ್ನೇ ಹಾಡಿಸುತ್ತಾರೆ. ಕೇಳುವುದು ದೊಡ್ಡವರ ಒಂದು ಶಾಸ್ತ್ರ ಅಷ್ಟೇ ಎಂಬುದು ಮಗುವಿಗೆ ಅಲ್ಲೇ ತಿಳಿದುಹೋಗುತ್ತದೆ. ಈ ಪುಟದ ಉತ್ತರಗಳೆಲ್ಲ ಒಂದೇ ಮಾತಿನ ಮೇಲೆ ನಿಂತಿವೆ: ಮಾಡಲಾಗದ್ದನ್ನು ಮಗುವನ್ನು ಕೇಳಬೇಡಿ, ಕೇಳಿದ ಮೇಲೆ ಮಾಡಿ, ಮಾಡಿದ್ದು ಅದರ ಮಾತಿನಿಂದಲೇ ಎಂದು ಅದಕ್ಕೆ ತೋರಿಸಿ.

ಇಷ್ಟು ಚಿಕ್ಕವರಿಗೂ ಕಾನೂನಿನಲ್ಲಿ ಹಕ್ಕು ಇದೆಯಾ? ಶಿಕ್ಷಣ ಹಕ್ಕು ಆರು ವರ್ಷದಿಂದ ತಾನೇ?

ಶಿಕ್ಷಣ ಹಕ್ಕು ಕಾಯ್ದೆ (2009) 6ರಿಂದ 14 ವರ್ಷದವರಿಗೆ, ನಿಜ. ಆರರ ಕೆಳಗಿನವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದು ಎಂದಷ್ಟೇ ಅದರ 11ನೇ ಸೆಕ್ಷನ್ ಸರ್ಕಾರಕ್ಕೆ ಹೇಳುತ್ತದೆ. ಸಂವಿಧಾನದ 45ನೇ ವಿಧಿ 2002ರ 86ನೇ ತಿದ್ದುಪಡಿಯ ನಂತರ ಆರು ವರ್ಷದೊಳಗಿನವರ ಆರೈಕೆ ಮತ್ತು ಶಿಕ್ಷಣದ ಬಗ್ಗೆ ಮಾತಾಡುತ್ತದೆ. ಆದರೆ ಅದು ರಾಜ್ಯನೀತಿಯ ನಿರ್ದೇಶಕ ತತ್ವ, ಕೋರ್ಟಿನಲ್ಲಿ ಕೇಳಿ ಪಡೆಯುವ ಮೂಲಭೂತ ಹಕ್ಕಲ್ಲ.

ಶಾಲೆಗೆ ಹೋಗುವ ಹಕ್ಕು ಬೇರೆ, ಮಗುವಾಗಿ ಇರುವ ಹಕ್ಕುಗಳು ಬೇರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಅಂಗೀಕಾರವಾಯಿತು. ಭಾರತ 1992ರ ಡಿಸೆಂಬರ್ 11ರಂದು ಅದಕ್ಕೆ ಸೇರಿತು. ತನ್ನ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗು ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ಹೇಳಬಹುದು, ಅದರ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕ ತೂಕ ಆ ಮಾತಿಗೆ ಸಿಗಬೇಕು ಎನ್ನುತ್ತದೆ ಅದರ 12ನೇ ವಿಧಿ. ಕನಿಷ್ಠ ಇಷ್ಟು ವಯಸ್ಸಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಇದನ್ನು ಎಂಟು ವರ್ಷದೊಳಗಿನವರಿಗೆ ಹೇಗೆ ಅನ್ವಯಿಸಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2005ರಲ್ಲಿ, ತನ್ನ 7ನೇ ಸಾಮಾನ್ಯ ವ್ಯಾಖ್ಯಾನದಲ್ಲಿ ವಿವರಿಸಿದೆ. ಮಾತು ಬರುವ ಮೊದಲೇ ಮಕ್ಕಳು ತಮ್ಮ ಇಷ್ಟಾನಿಷ್ಟ ತಿಳಿಸುತ್ತಾರೆ, ಅದಕ್ಕೂ ಬೆಲೆ ಇದೆ ಎಂದು ಅಲ್ಲಿ ಸ್ಪಷ್ಟವಾಗಿದೆ.

ಹಕ್ಕು ಅದೂ ಇದೂ ಅಂತ ಹೇಳಿಕೊಟ್ರೆ ತಲೆ ಮೇಲೆ ಕೂರಲ್ವಾ?

ಎಲ್ಲವನ್ನೂ ಮಗುವಿಗೇ ಬಿಟ್ಟರೆ ಕೂರುತ್ತದೆ. ಹಾಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಸಿಬ್ಬಂದಿಯೆಲ್ಲ ಒಟ್ಟಿಗೆ ಕೂತು ಮೂರು ಪಟ್ಟಿ ಮಾಡಿ.

ಮೊದಲನೆಯದು ಮಗುವೇ ತೀರ್ಮಾನಿಸುವುದು: ಎಷ್ಟು ತಿನ್ನಬೇಕು, ಯಾವ ಬಣ್ಣ ಹಚ್ಚಬೇಕು, ಯಾರ ಪಕ್ಕ ಕೂರಬೇಕು, ಅಪ್ಪಿಕೊಳ್ಳಬೇಕೋ ಬೇಡವೋ. ಎರಡನೆಯದು ಮಕ್ಕಳೂ ದೊಡ್ಡವರೂ ಸೇರಿ ತೀರ್ಮಾನಿಸುವುದು: ಆಟದ ಮೂಲೆಯಲ್ಲಿ ಏನಿರಬೇಕು, ಸೈಕಲ್ ಸರದಿ, ಹುಟ್ಟುಹಬ್ಬ ಹೇಗೆ ಆಚರಿಸಬೇಕು. ಮೂರನೆಯದು ದೊಡ್ಡವರದೇ: ಗೇಟಿನ ಬೀಗ, ಔಷಧಿ, ಕೈ ತೊಳೆಯುವುದು, ರಸ್ತೆ ದಾಟುವುದು, ಮನೆಗೆ ಕರೆದೊಯ್ಯಲು ಯಾರಿಗೆ ಅನುಮತಿ. ಮೂರನೆಯ ಪಟ್ಟಿಯ ವಿಷಯದಲ್ಲಿ "ಕೈ ತೊಳ್ಕೊಳ್ತೀಯಾ ಪುಟ್ಟಾ?" ಎಂದು ಕೇಳಲೇಬಾರದು. ಮಗು ಬೇಡ ಅಂದರೆ ನೀವು ಒತ್ತಾಯಿಸಲೇಬೇಕಾಗುತ್ತದೆ, ಕೇಳಿದ ಮಾತು ಸುಳ್ಳಾಗುತ್ತದೆ. "ಈಗ ಕೈ ತೊಳೆಯೋ ಹೊತ್ತು. ಈ ನಲ್ಲೀನಾ, ಆ ನಲ್ಲೀನಾ?" ಅನ್ನಿ.

ತಲೆ ಮೇಲೆ ಕೂತಂತೆ ಕಾಣುವ ಮಕ್ಕಳಲ್ಲಿ ಹೆಚ್ಚಿನವರು ಈ ಗಡಿ ದಿನಕ್ಕೊಂದು ಕಡೆ ಸರಿಯುವ ಕೇಂದ್ರಗಳಲ್ಲಿರುತ್ತಾರೆ. ಸೋಮವಾರ ಟೀಚರ್ ಬಿಟ್ಟಿದ್ದನ್ನು ಮಂಗಳವಾರ ಸಹಾಯಕಿ ಬೈದು ನಿಲ್ಲಿಸಿದರೆ, ಗಡಿ ಎಲ್ಲಿದೆಯೆಂದು ಮಗು ದಿನವೂ ತಳ್ಳಿ ನೋಡುತ್ತದೆ.

ಹಕ್ಕಿನ ಜೊತೆ ಕರ್ತವ್ಯನೂ ಹೇಳ್ಬೇಕಲ್ವಾ?

ಜವಾಬ್ದಾರಿ ಕೊಡಿ, ಧಾರಾಳವಾಗಿ ಕೊಡಿ: ಚಾಪೆ ಹಾಸುವುದು, ಗಿಡಕ್ಕೆ ನೀರು ಹಾಕುವುದು, ಲೋಟ ಎಣಿಸುವುದು. ಆದರೆ ಎರಡನ್ನೂ ತಕ್ಕಡಿಗೆ ಹಾಕಬೇಡಿ. "ಗಲಾಟೆ ಮಾಡಿದ್ರೆ ಇವತ್ತು ಆಟ ಇಲ್ಲ" ಎಂದ ಕೂಡಲೇ ಆಟ ಬಹುಮಾನವಾಗುತ್ತದೆ. ಒಡಂಬಡಿಕೆಯ 31ನೇ ವಿಧಿಯ ಪ್ರಕಾರ ಆಟವೂ ವಿಶ್ರಾಂತಿಯೂ ಹಕ್ಕು, ಒಳ್ಳೆಯ ನಡತೆಯ ಸಂಬಳವಲ್ಲ.

ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡಿಸ್ತೀವಿ. ಸಾಲದಾ?

ರಾಜ್ಯದ ಶಾಲೆಗಳಲ್ಲಿ ಪೀಠಿಕೆ ಓದಿಸುವುದು 2023ರಲ್ಲಿ ಶುರುವಾಯಿತು. ದೊಡ್ಡ ಮಕ್ಕಳಿಗೆ ಅದು ಒಳ್ಳೆಯದು. ನಾಲ್ಕು ವರ್ಷದವರಿಗೆ ಅದು ಇಂಪಾದ ಶಬ್ದ ಮಾತ್ರ. ಕಿವಿಗೆ ಬಿದ್ದರೆ ನಷ್ಟವೇನಿಲ್ಲ. ತಪ್ಪಾಗುವುದು ಬೇರೆ ಕಡೆ: "ಸಮಾನತೆ" ಎಂದು ಒಕ್ಕೊರಲಿನಲ್ಲಿ ಹೇಳಿಸಿದ ಮೇಲೆ "ಕೈ ಕಟ್ಟು, ಬಾಯಿ ಮುಚ್ಚು" ಎಂದು ಕೂರಿಸುವುದು. ಮಕ್ಕಳು ನಂಬುವುದು ಎರಡನೆಯದನ್ನು.

## ದಿನದ ಕೆಲಸದಲ್ಲಿ

ಬೆಳಗಿನ ಸಭೆ ಮಾಡೋದು ಹೇಗೆ? ಎರಡೇ ನಿಮಿಷಕ್ಕೆ ಎದ್ದು ಓಡ್ತಾರೆ.

ಓಡುವ ಮಕ್ಕಳದ್ದು ತಪ್ಪಿಲ್ಲ, ಲೆಕ್ಕ ತಪ್ಪಿದೆ. 25 ಮಕ್ಕಳು ತಲಾ ಅರ್ಧ ನಿಮಿಷ ಮಾತಾಡಿದರೂ ಹನ್ನೆರಡೂವರೆ ನಿಮಿಷ ಬೇಕು. ಅಂದರೆ ಪ್ರತಿ ಮಗುವೂ ಹನ್ನೆರಡು ನಿಮಿಷ ಸುಮ್ಮನೆ ಕೂತಿರಬೇಕು. ದೊಡ್ಡವರಿಗೇ ಅದು ಕಷ್ಟ.

ಒಂದು ವೃತ್ತಕ್ಕೆ ಎಂಟರಿಂದ ಹತ್ತು ಮಕ್ಕಳು ಸಾಕು. ಉಳಿದವರು ಸಹಾಯಕಿಯ ಜೊತೆ ಆಟದಲ್ಲಿರಲಿ. ನಾಳೆ ಅವರ ಸರದಿ. ಮೂರು ವರ್ಷದವರಿಗೆ 5 ನಿಮಿಷ, ನಾಲ್ಕಕ್ಕೆ 8ರಿಂದ 10, ಐದು ದಾಟಿದವರಿಗೆ ಹೆಚ್ಚೆಂದರೆ 15. ಬಾಗಿಲು ತೆರೆದ ಕೂಡಲೇ ಶುರು ಮಾಡಬೇಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅರ್ಧ ಮಕ್ಕಳು ತಡವಾಗಿ ಬರುತ್ತಾರೆ, ಬಂದವರ ಅಳು ಇನ್ನೂ ನಿಂತಿರುವುದಿಲ್ಲ. ಇಪ್ಪತ್ತು ನಿಮಿಷ ಬಿಡುವಿನ ಆಟವಾಗಲಿ, ಆಮೇಲೆ ಕೂತುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದ ಗುಂಡು, ಅದರ ಗೆರೆಯ ಮೇಲೆ ಮಕ್ಕಳು. ಟೀಚರ್ ಕೂಡ ನೆಲದ ಮೇಲೆ, ಕುರ್ಚಿಯ ಮೇಲಲ್ಲ.

ಕೈಯಿಂದ ಕೈಗೆ ಹೋಗುವ ಒಂದು ವಸ್ತು ಇರಲಿ. ಅದು ಹಿಡಿದವರ ಮಾತಿನ ಸರದಿ. ಬುಗುರಿ ಉರುಳಿಹೋಗುತ್ತದೆ, ಚನ್ನಪಟ್ಟಣದ ಗಿಲಕಿ ಕೈಗೆ ಸಿಕ್ಕರೆ ಮಾತಿಗಿಂತ ಗಿಲಗಿಲ ಹೆಚ್ಚು. ಹತ್ತಿ ತುಂಬಿದ ಬಟ್ಟೆ ಗೊಂಬೆ ಸರಿಯಾಗುತ್ತದೆ. ಮಾತಾಡಲು ಮನಸ್ಸಿಲ್ಲದ ಮಗು ಗೊಂಬೆಯನ್ನು ಮುಂದಕ್ಕೆ ಕೊಡಬಹುದು, "ಯಾಕೆ ಮಾತಾಡಲ್ಲ, ಬಾಯಿಲ್ವಾ?" ಅನ್ನಬೇಡಿ.

ದಿನಕ್ಕೆ ಒಂದೇ ಪ್ರಶ್ನೆ. ಪ್ರತಿ ಮಗು ಮಾತಾಡಿದಾಗಲೂ "ವೆರಿ ಗುಡ್" ಎನ್ನುವ ಅಭ್ಯಾಸ ಬಿಡಿ, ಇಲ್ಲದಿದ್ದರೆ ಮಾತೆಲ್ಲ ನಿಮ್ಮ ಕಡೆಗೇ ಬರುತ್ತದೆ, ಒಬ್ಬರ ಮಾತು ಇನ್ನೊಬ್ಬರು ಕೇಳುವುದಿಲ್ಲ. ಕೊನೆಯಲ್ಲಿ ತೀರ್ಮಾನವಾದದ್ದನ್ನು ಅವರ ಕಣ್ಣೆದುರೇ ಚಿತ್ರ ಬರೆದು ಗೋಡೆಗೆ ಅಂಟಿಸಿ. ಅದು ನೆರವೇರಿದ ದಿನ ಆ ಚಿತ್ರಕ್ಕೆ ಗುರುತು ಹಾಕುವುದು ಮಕ್ಕಳ ಕೆಲಸ.

ಏನು ಕೇಳಿದ್ರೂ "ಹೂಂ" ಅಂತಾರೆ, ಇಲ್ಲ ಸುಮ್ನಿರ್ತಾರೆ.

ಪ್ರಶ್ನೆಯಲ್ಲೇ ಉತ್ತರ ಇದ್ದರೆ "ಹೂಂ" ಬಿಟ್ಟು ಬೇರೇನು ಹೇಳಲು ಸಾಧ್ಯ? "ಚೆನ್ನಾಗಿತ್ತಲ್ವಾ?" ಬದಲು "ಯಾವುದು ಇಷ್ಟ ಆಗಲಿಲ್ಲ?" ಎಂದು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಹೆಚ್ಚಿನವರು ಎರಡು ಎಣಿಸುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಯೋಚಿಸುತ್ತಿದ್ದ ಮಗು ಅಲ್ಲಿಗೆ ಕೈಬಿಡುತ್ತದೆ.

ಎರಡು, ಎರಡೂವರೆ ವರ್ಷದ ಮಕ್ಕಳು "ಇದಾ, ಅದಾ?" ಅಂದರೆ ಕೊನೆಗೆ ಕೇಳಿಸಿದ್ದನ್ನೇ ಹೇಳುವುದು ಹೆಚ್ಚು. ಅದನ್ನು ಆಯ್ಕೆ ಎಂದುಕೊಳ್ಳಬೇಡಿ. ಎರಡೂ ವಸ್ತುಗಳನ್ನು ಎದುರಿಗಿಟ್ಟು ಕೈಯಿಂದ ತೋರಿಸಲು ಬಿಡಿ.

ರೂಲ್ಸ್ ಮಕ್ಕಳ ಕೈಲೇ ಮಾಡಿಸಿದ್ವಿ, ಚಾರ್ಟೂ ಹಾಕಿದ್ವಿ. ಯಾರೂ ಪಾಲಿಸ್ತಿಲ್ಲ.

ಜೂನ್ ಮೊದಲ ವಾರದಲ್ಲಿ ಹತ್ತು ನಿಯಮ ಒಟ್ಟಿಗೆ ಬರೆದಿರಬೇಕು. ಆಗ ಮಕ್ಕಳಿಗೆ ಇನ್ನೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಟೀಚರ್ ಬಾಯಲ್ಲಿ ಕೇಳಿದ್ದನ್ನೇ ತಿರುಗಿ ಒಪ್ಪಿಸಿರುತ್ತಾರೆ. ತೊಂದರೆ ಎದುರಾದಾಗ ಆ ತೊಂದರೆಗೆ ಒಂದು ನಿಯಮ ಮಾಡಿ. ಜಾರುಬಂಡೆಯ ಬುಡದಲ್ಲಿ ಕೂತವನ ಮೇಲೆ ಇನ್ನೊಬ್ಬ ಬಿದ್ದ ದಿನವೇ "ಕೆಳಗಿದ್ದವರು ಎದ್ದ ಮೇಲೆ ಜಾರೋಣ" ಎಂಬ ನಿಯಮ ಮಕ್ಕಳಿಂದಲೇ ಬರುತ್ತದೆ. ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. "ಓಡಬೇಡ" ಬದಲು "ಒಳಗೆ ನಡೆಯೋಣ, ಹೊರಗೆ ಓಡೋಣ" ಇರಲಿ. ಚಾರ್ಟು ಮಕ್ಕಳ ಕಣ್ಣಿನ ಎತ್ತರದಲ್ಲಿ, ಚಿತ್ರದಲ್ಲಿ ಇರಲಿ. ತಿಂಗಳಿಗೊಮ್ಮೆ ಕೂತು ಯಾವುದು ಬೇಕು, ಯಾವುದು ತೆಗೆಯೋಣ ಎಂದು ಕೇಳಿ.

ಒಂದು ಎಚ್ಚರಿಕೆ: ನಿಯಮ ಮುರಿದವರಿಗೆ ಏನು ಮಾಡೋಣ ಎಂದರೆ ಐದು ವರ್ಷದವರು "ಊಟ ಕೊಡಬೇಡಿ", "ಹೊರಗೆ ಹಾಕಿ" ಎನ್ನುತ್ತಾರೆ. ಈ ವಯಸ್ಸಿನಲ್ಲಿ ನ್ಯಾಯ ಅಂದರೆ ಕಠಿಣ ಶಿಕ್ಷೆ ಎಂದೇ ತೋರುವುದು ಸಹಜ. ಆದ್ದರಿಂದ ಶಿಕ್ಷೆ ಕೇಳಬೇಡಿ. "ಬಿದ್ದವನಿಗೆ ಈಗ ಏನು ಬೇಕು? ಸರಿ ಮಾಡೋದು ಹೇಗೆ?" ಎಂದು ಕೇಳಿ.

ಓಟು ಹಾಕಿಸೋದು ಯಾವ ವಯಸ್ಸಿಂದ?

ನಾಲ್ಕು ತುಂಬಿದ ಮೇಲೆ. ಅದೂ ಸಣ್ಣ ವಿಷಯಕ್ಕೆ, ಮಾತುಕತೆಯಲ್ಲಿ ಬಗೆಹರಿಯದೆ ಉಳಿದಾಗ ಮಾತ್ರ. ಬೆಂಗಳೂರಿನಲ್ಲಿ ಚುನಾವಣೆ ಬಂದಾಗ ಶಾಲೆಗಳೇ ಮತಗಟ್ಟೆ. ಮಕ್ಕಳು ಅಪ್ಪ ಅಮ್ಮನ ಬೆರಳಿನ ಶಾಯಿ ನೋಡಿ ಬಂದಿರುತ್ತಾರೆ. ಮರುದಿನವೇ ಶುರು ಮಾಡಲು ಒಳ್ಳೆಯ ಸಮಯ.

ಒಂದು ಉದಾಹರಣೆ. ಅಂಗಳದ ಹೊಸ ಟಬ್ಬಿಗೆ ಮರಳು ತುಂಬಬೇಕಾ, ನೀರು ತುಂಬಬೇಕಾ? ಮೊದಲು ಎರಡನ್ನೂ ಒಂದೊಂದು ದಿನ ಆಡಿಸಿ. ಗೊತ್ತಿಲ್ಲದ್ದಕ್ಕೆ ಮತ ಕೇಳುವುದು ನ್ಯಾಯವಲ್ಲ. ಒಂದೇ ಗಾತ್ರದ ಎರಡು ಪಾರದರ್ಶಕ ಡಬ್ಬ, ಒಂದರ ಮೇಲೆ ಮರಳಿನ ಚಿತ್ರ, ಇನ್ನೊಂದರ ಮೇಲೆ ನೀರಿನದು. ಪ್ರತಿ ಮಗುವಿಗೆ ಒಂದು ಮರದ ಬ್ಲಾಕ್. ಹುಣಸೆ ಬೀಜ, ಗೋಲಿ ಬೇಡ. ಸುಮಾರು 4 ಸೆಂಟಿಮೀಟರಿಗಿಂತ ಚಿಕ್ಕದು ಯಾವುದಾದರೂ ಬಾಯಿಗೋ ಮೂಗಿಗೋ ಹೋಗುತ್ತದೆ, ಕೋಣೆಯಲ್ಲಿ ಮೂರರ ಕೆಳಗಿನವರಿದ್ದರಂತೂ ಅಪಾಯ. ಡಬ್ಬಗಳನ್ನು ರಟ್ಟಿನ ಮರೆಯ ಹಿಂದೆ ಇಟ್ಟು ಒಬ್ಬೊಬ್ಬರನ್ನೇ ಕಳಿಸಿ. ಮರೆ ಇಲ್ಲದಿದ್ದರೆ ಮೊದಲು ಹೋದ ಗಟ್ಟಿಗನ ಡಬ್ಬಕ್ಕೇ ಹಿಂದಿನ ಐದಾರು ಜನರ ಬ್ಲಾಕ್ ಬೀಳುತ್ತದೆ. ಎಲ್ಲರೂ ಹಾಕಿದ ಮೇಲೆ ಎರಡೂ ಡಬ್ಬದ ಬ್ಲಾಕ್‌ಗಳನ್ನು ನೆಲದ ಮೇಲೆ ಜೋಡಿಯಾಗಿ ಸಾಲಿಡಿ. ಎಣಿಕೆ ಬಾರದವರಿಗೂ ಯಾವ ಸಾಲು ಉದ್ದ ಎಂದು ಕಾಣುತ್ತದೆ.

ಮುಖ್ಯವಾದ ಭಾಗ ಆಮೇಲಿನದು. ಮರಳಿಗೆ 14, ನೀರಿಗೆ 10 ಬಂತು ಅನ್ನೋಣ. "ಮರಳು ಗೆದ್ದಿತು, ಚಪ್ಪಾಳೆ" ಎಂದು ಮುಗಿಸಿದರೆ ಹತ್ತು ಮಕ್ಕಳು ಕಲಿಯುವುದು ಸೋಲನ್ನು ಮಾತ್ರ. "ನೀರು ಬೇಕು ಅಂದವರಿಗೆ ಏನು ಮಾಡೋಣ?" ಎಂದು ಗೆದ್ದವರನ್ನೇ ಕೇಳಿ. ಸೋಮವಾರದಿಂದ ಬುಧವಾರ ಮರಳು, ಆಮೇಲೆ ನೀರು ಎಂಬಂಥ ದಾರಿ ಅವರೇ ಹುಡುಕುತ್ತಾರೆ.

ಮತಕ್ಕೆ ಹಾಕಲೇಬಾರದ ವಿಷಯಗಳೂ ಇವೆ: ಯಾರನ್ನು ಆಟಕ್ಕೆ ಸೇರಿಸಬೇಕು, ಯಾರು ಶೌಚಾಲಯಕ್ಕೆ ಹೋಗಬಹುದು, ಯಾರ ಪಕ್ಕ ಊಟ. ಒಬ್ಬರ ಹಕ್ಕನ್ನು ಇಪ್ಪತ್ತಮೂರು ಜನ ಸೇರಿ ತೆಗೆಯಲಾಗದು ಎಂಬುದು ನಮ್ಮ ಸಂವಿಧಾನದ ತಿರುಳು. ತರಗತಿಯಲ್ಲೂ ಅದೇ ನಡೆಯಲಿ.

ಒಂದು ಸೈಕಲ್ಲು, ಇಬ್ಬರು ಮಕ್ಕಳು, ದಿನಾ ಜಗಳ. ನಾನೇ ತೀರ್ಪು ಕೊಟ್ಟುಬಿಡ್ಲಾ?

ನೀವು ತೀರ್ಪು ಕೊಟ್ಟರೆ ಜಗಳ ನಿಲ್ಲುತ್ತದೆ, ನಾಳೆ ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ. ಹತ್ತಿರ ಹೋಗಿ ಮೊಣಕಾಲೂರಿ ಕೂತು, ಮೊದಲು ಸೈಕಲ್ಲಿನ ಮೇಲೆ ನಿಮ್ಮ ಕೈ ಇಡಿ, ಎಳೆದಾಟ ನಿಲ್ಲಬೇಕು. ಇಬ್ಬರ ಸಿಟ್ಟನ್ನೂ ಹೆಸರಿಸಿ: "ಇಬ್ಬರಿಗೂ ಕೋಪ ಬಂದಿದೆ." ಒಬ್ಬೊಬ್ಬರಾಗಿ ಹೇಳಲಿ. ಕೇಳಿದ್ದನ್ನು ಚಿಕ್ಕದಾಗಿ ತಿರುಗಿ ಹೇಳಿ: "ಸೈಕಲ್ ಒಂದು, ಬೇಕಾದವರು ಇಬ್ಬರು." ಆಮೇಲೆ "ಏನು ಮಾಡಬಹುದು?" ಎಂದು ಕೇಳಿ ಸುಮ್ಮನಿರಿ. ಇಬ್ಬರೂ ಒಪ್ಪಿದ್ದು ನಿಮಗೆ ಪೆದ್ದುತನ ಅನ್ನಿಸಿದರೂ ಅಪಾಯವಿಲ್ಲದಿದ್ದರೆ ನಡೆಯಲಿ. ಐದು ನಿಮಿಷ ಬಿಟ್ಟು ಬಂದು ನೋಡಿ. ಎಲ್ಲರೂ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ, ಒಪ್ಪಂದ ಮುರಿಯುವುದೂ ಅಲ್ಲೇ. "ಸಾರಿ ಹೇಳು" ಎಂಬ ಬಲವಂತ ಮಾತ್ರ ಬೇಡ.

ಊಟದಲ್ಲಿ ಎಂಥ ಪ್ರಜಾಪ್ರಭುತ್ವ? ಬಿಟ್ರೆ ಏನೂ ತಿನ್ನಲ್ಲ.

ಏನು ಬಡಿಸಬೇಕು, ಯಾವ ಹೊತ್ತಿಗೆ ಎಂಬುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕೆಂಬುದು ಮಗುವಿನ ಹೊಟ್ಟೆಗೆ ಗೊತ್ತು. ಗಿಡ್ಡ ಹಿಡಿಯ ಚಮಚ ಕೊಟ್ಟು ಮಗುವೇ ಎರಡು ಚಮಚ ಉಪ್ಪಿಟ್ಟು ಹಾಕಿಕೊಳ್ಳಲಿ, ಬೇಕಾದರೆ ಮತ್ತೆ ಬರಲಿ. ತಟ್ಟೆ ತುಂಬ ಬಡಿಸಿ "ಅನ್ನ ಬಿಡಬಾರದು" ಎಂದು ಬಾಯಿಗೆ ತುರುಕುವುದಕ್ಕಿಂತ ಇದರಲ್ಲಿ ಚೆಲ್ಲುವುದು ಕಡಿಮೆ. ಮೊದಲ ವಾರ ನೆಲದ ಮೇಲೆ ಬೀಳುತ್ತದೆ. ಒರೆಸುವ ಬಟ್ಟೆ ಮಕ್ಕಳ ಕೈಗೆಟಕುವಂತಿರಲಿ. ತೂಕ ಕಡಿಮೆ ಇರುವ ಮಗುವಾದರೆ ಎಷ್ಟು ತಿಂದಿತೆಂದು ಬರೆದಿಟ್ಟು ಆರೋಗ್ಯ ಸಿಬ್ಬಂದಿಗೆ ತೋರಿಸಿ. ಅಲ್ಲಿ ಕೂಡ ತುರುಕುವುದು ಪರಿಹಾರವಲ್ಲ.

## ಕಷ್ಟದ ಪ್ರಶ್ನೆಗಳು

ಒಂದು ಏಟೂ ಕೊಡಬಾರದಾ? ನಾವೆಲ್ಲ ಏಟು ತಿಂದೇ ಬೆಳೆದವರು.

ಒಂದೂ ಕೊಡಬಾರದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು ಆರರ ಮೇಲಿನವರಿಗೆ ಎಂದು ನುಣುಚಿಕೊಳ್ಳಲಾಗದು. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಮಕ್ಕಳ ಆರೈಕೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿಯಾದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ.

ಕಾನೂನು ಪಕ್ಕಕ್ಕಿಟ್ಟರೂ, ಏಟಿನಿಂದ ಮಗುವಿಗೆ ತಿಳಿಯುವುದು ಯಾರ ಕೈ ಮೇಲಿದೆ ಎಂಬುದಷ್ಟೇ. ಕೈ ಎತ್ತುವಷ್ಟು ಸಿಟ್ಟು ಬರುವುದು ಸಾಮಾನ್ಯವಾಗಿ ಊಟದ ಮೊದಲಿನ ಅರ್ಧ ಗಂಟೆ ಮತ್ತು ಮನೆಗೆ ಹೋಗುವ ಹೊತ್ತಿನಲ್ಲಿ, ಒಬ್ಬರೇ ಮೂವತ್ತು ಮಕ್ಕಳನ್ನು ನೋಡಿಕೊಳ್ಳುವಾಗ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು ಎಂಬುದು 2013ರ ರಾಷ್ಟ್ರೀಯ ಶೈಶವ ನೀತಿಯ ಜೊತೆ ಬಂದ ಗುಣಮಟ್ಟದ ಅಳತೆ. ಆ ಎರಡು ಹೊತ್ತಿಗಾದರೂ ಇನ್ನೊಬ್ಬರು ಇರುವಂತೆ ವೇಳಾಪಟ್ಟಿ ಬದಲಿಸಿ.

ನಮ್ಮ ಸೆಂಟರ್‌ನಲ್ಲಿ ಐದಾರು ಭಾಷೆ. ಯಾರ ಮಾತು ಅಂತ ಕೇಳೋದು?

ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನವರು ಒಂದೇ ಚಾಪೆಯ ಮೇಲೆ ಕೂರುವುದು ಈ ಊರಿನಲ್ಲಿ ಹೊಸದಲ್ಲ. ಕಟ್ಟಡ ಕೆಲಸದವರ ಕಾಲೊನಿಗಳಲ್ಲಿ ಒಡಿಯಾ, ಬಂಗಾಳಿಯೂ ಸೇರಿದೆ. ಕನ್ನಡ ಬರುವ ತನಕ ಮಗು ಮೂಗನಂತೆ ಕೂರಬಾರದು. ಪ್ರತಿ ಭಾಷೆಯಲ್ಲೂ ಹತ್ತು ಮಾತು ಸಿಬ್ಬಂದಿ ಕಲಿಯಲಿ: ನೀರು, ಹಸಿವು, ಶೌಚ, ನೋವು, ಭಯ, ಅಮ್ಮ, ಬೇಕು, ಬೇಡ, ನಿಲ್ಲಿಸು, ಇನ್ನೂ. ಸೇರಿಸುವ ದಿನವೇ ಅಮ್ಮನಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಬರೆದದ್ದರಲ್ಲಿ ಉಚ್ಚಾರ ತಪ್ಪುತ್ತದೆ. "ಬೇಡ" ಎಂಬ ಮಾತು ಎಲ್ಲ ಮಕ್ಕಳಿಗೂ ಎಲ್ಲ ಭಾಷೆಗಳಲ್ಲೂ ತಿಳಿದಿರಲಿ. ಕನ್ನಡ ಇದರಿಂದ ಹಿಂದೆ ಬೀಳುವುದಿಲ್ಲ. ಭಯವಿಲ್ಲದ ಮಗು ಆಟದಲ್ಲೇ ಕನ್ನಡ ಎತ್ತಿಕೊಳ್ಳುತ್ತದೆ.

ಇನ್ನೂ ಮಾತೇ ಬರದ ಕೂಸಿಗೆ ಇದೆಲ್ಲ ಹೇಗೆ?

ಎತ್ತಿಕೊಳ್ಳುವ ಮೊದಲು ಕೈ ಚಾಚಿ "ಬರ್ತೀಯಾ?" ಎಂದು ಎರಡು ಮೂರು ಸೆಕೆಂಡು ಕಾಯಿರಿ, ಕೂಸು ಮೈ ಮುಂದೆ ಬಾಗಿಸುತ್ತದೆ ಅಥವಾ ಮುಖ ತಿರುಗಿಸುತ್ತದೆ. ಬಟ್ಟೆ ಬದಲಿಸುವಾಗ ಏನು ಮಾಡುತ್ತಿದ್ದೀರಿ ಎಂದು ಹೇಳುತ್ತಾ ಮಾಡಿ. ಮಾತು ತಡವಾದ, ಕಿವಿ ಕೇಳದ, ಬೇರೆ ಅಗತ್ಯಗಳಿರುವ ದೊಡ್ಡ ಮಕ್ಕಳಿಗೆ ಚಿತ್ರದ ಕಾರ್ಡು ಕೊಡಿ. ಆ ಕಾರ್ಡುಗಳನ್ನು ಇಡೀ ತರಗತಿ ಬಳಸಲಿ, ಆ ಮಗುವೊಂದೇ ಬೇರೆಯಾಗಿ ಕಾಣಬಾರದು.

"ಅವಳ ಪಕ್ಕ ಕೂರಬೇಡ ಅಂತ ಅಮ್ಮ ಹೇಳಿದ್ದಾಳೆ" ಅಂತ ಒಂದು ಮಗು ಹೇಳ್ತು. ಏನು ಹೇಳೋದು?

ಆ ಕ್ಷಣದಲ್ಲೇ, ಎಲ್ಲರಿಗೂ ಕೇಳುವಂತೆ, ಸಿಟ್ಟಿಲ್ಲದೆ ಹೇಳಿ: "ಇಲ್ಲಿ ಎಲ್ಲರೂ ಎಲ್ಲರ ಪಕ್ಕ ಕೂರುತ್ತಾರೆ." ಮೊದಲು ಹೋಗಬೇಕಾದದ್ದು ಆ ಮಾತು ಕೇಳಿಸಿಕೊಂಡ ಮಗುವಿನ ಬಳಿ. ಅದರ ಪಕ್ಕ ನೀವೇ ಕೂರಿ. ಹೇಳಿದ ಮಗುವನ್ನು ಅವಮಾನಿಸಬೇಡಿ, ಅಮ್ಮ ಕೆಟ್ಟವಳು ಎನ್ನಬೇಡಿ. ಅದೇ ದಿನ ಪೋಷಕರನ್ನು ಬೇರೆಯಾಗಿ ಕರೆದು ಕೇಂದ್ರದ ನಿಲುವು ಹೇಳಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ, ಇದರಲ್ಲಿ ರಾಜಿ ಇಲ್ಲ. ಯಾರ ಪಕ್ಕ ಕೂರಬೇಕೆಂಬುದು ಮಗುವಿನ ಆಯ್ಕೆ ಎಂದು ಮೇಲೆ ಹೇಳಿದ್ದೇವಲ್ಲ, ಅದು ಸ್ನೇಹಕ್ಕೆ. ಜಾತಿ, ಧರ್ಮ, ಬಣ್ಣದ ಹೆಸರಿನಲ್ಲಿ ದೂರ ಇಡುವುದಕ್ಕಲ್ಲ. ನಿಮ್ಮ ಕೇಂದ್ರದೊಳಗೂ ನೋಡಿ: ಸಹಾಯಕಿಯ ಲೋಟ ಬೇರೆ ಇದೆಯೇ, ಪೊರಕೆ ಯಾವಾಗಲೂ ಹುಡುಗಿಯರ ಕೈಗೇ ಹೋಗುತ್ತದೆಯೇ? ಮಕ್ಕಳು ಅದನ್ನೂ ಗಮನಿಸುತ್ತಿರುತ್ತಾರೆ.

ಸಭೆಯಲ್ಲಿ ಮಗು ಮನೆಯ ಹಿಂಸೆ ಬಗ್ಗೆ ಹೇಳಿಬಿಟ್ರೆ?

ಕೇಳಲು ಶುರು ಮಾಡಿದರೆ ಇದೂ ಬರುತ್ತದೆ, ತಯಾರಾಗಿರಿ. ವೃತ್ತದಲ್ಲಿ ಕೆದಕಬೇಡಿ. "ಹೇಳಿದ್ದು ಒಳ್ಳೇದಾಯ್ತು, ಆಮೇಲೆ ನಾವಿಬ್ಬರೇ ಮಾತಾಡೋಣ" ಎಂದು ಮುಂದೆ ಸಾಗಿ. ನಂತರ ಮಗು ಹೇಳಿದಷ್ಟನ್ನು ಕೇಳಿ, ಅದರ ಮಾತಿನಲ್ಲೇ ದಿನ, ಹೊತ್ತು ಸಹಿತ ಬರೆದಿಡಿ. "ಮಾವ ಮಾಡಿದನಾ?" ಎಂಬಂಥ ಸೂಚನೆ ಕೊಡುವ ಪ್ರಶ್ನೆ ಬೇಡ; ಯಾರಿಗೂ ಹೇಳಲ್ಲ ಎಂಬ ಮಾತೂ ಕೊಡಬೇಡಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಶಂಕೆ ಇದ್ದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿರುವುದೇ ಅಪರಾಧ. ಮುಖ್ಯಸ್ಥರು ಬೇಡ ಎಂದರೂ ಈ ಹೊಣೆ ತಪ್ಪುವುದಿಲ್ಲ.

ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕದಿದ್ರೆ ಪೋಷಕರು ಕೇಳ್ತಾರೆ.

ಪೋಷಕರ ಲಿಖಿತ ಒಪ್ಪಿಗೆ ಮೊದಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರ ಕೆಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆಮೇಲೆ ಮಗುವನ್ನೂ ಕೇಳಿ: ಚಿತ್ರ ತೋರಿಸಿ "ಇದನ್ನ ಅಪ್ಪನಿಗೆ ಕಳಿಸಲಾ?" ಅನ್ನಿ. ಬೇಡ ಅಂದರೆ ಅದರೆದುರೇ ಅಳಿಸಿ. ಅಳುತ್ತಿರುವ, ಬಟ್ಟೆ ಬದಲಿಸುತ್ತಿರುವ, ಮಲಗಿರುವ ಮಗುವಿನ ಚಿತ್ರ ತೆಗೆಯುವುದೇ ಬೇಡ.

## ಮುಂದಿನ ಹೆಜ್ಜೆಗಳು

ನವೆಂಬರ್ 14ಕ್ಕೆ "ಮಕ್ಕಳ ಸಂಸತ್ತು" ಮಾಡಿಸೋಣ ಅಂತಿದೀವಿ. ಸರಿನಾ?

ಕೋಟಿಗೆ ಗುಲಾಬಿ ಚುಚ್ಚಿ, ದೊಡ್ಡವರು ಬರೆದ ಭಾಷಣ ಒಪ್ಪಿಸುವುದಾದರೆ ಅದು ನಾಟಕ. ನಾಟಕವೆಂದು ಮಾಡಿ, ಭಾಗವಹಿಸುವಿಕೆ ಎಂದು ಕರೆಯಬೇಡಿ. ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ವಿವರಿಸಿದ, ಮಕ್ಕಳ ಭಾಗವಹಿಸುವಿಕೆಯ ಎಂಟು ಮೆಟ್ಟಿಲ ಏಣಿಯಲ್ಲಿ ಕೆಳಗಿನ ಮೂರು ಮೆಟ್ಟಿಲು ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೇಳುವುದು. ಈ ಮೂರನ್ನೂ ಅವರು ಭಾಗವಹಿಸುವಿಕೆಯೇ ಅಲ್ಲವೆಂದು ಬೇರೆ ಇಟ್ಟಿದ್ದಾರೆ.

ಯಾವುದೇ ಕಾರ್ಯಕ್ರಮವನ್ನು ಪರೀಕ್ಷಿಸಲು ಮಕ್ಕಳ ಹಕ್ಕುಗಳ ಸಂಶೋಧಕಿ ಲಾರಾ ಲುಂಡಿ 2007ರಲ್ಲಿ ಮುಂದಿಟ್ಟ ನಾಲ್ಕು ಅಂಶ ಸಾಕು. ಮಗುವಿಗೆ ಹೆದರಿಕೆಯಿಲ್ಲದೆ ಮಾತಾಡುವ ಜಾಗ ಇದೆಯೇ? ಹೇಳಲು ನೆರವಿದೆಯೇ, ಚಿತ್ರದಲ್ಲೋ ಆಟದಲ್ಲೋ? ಕೇಳಬೇಕಾದವರು ಎದುರಿಗಿದ್ದಾರೆಯೇ? ಹೇಳಿದ್ದರಿಂದ ಏನಾದರೂ ಬದಲಾಯಿತೇ? ನಮ್ಮಲ್ಲಿ ಸಾಮಾನ್ಯವಾಗಿ ಮೊದಲೆರಡು ಇರುತ್ತವೆ, ಕೊನೆಯ ಎರಡು ಇರುವುದಿಲ್ಲ. ಆ ದಿನ ಏನು ಮಾಡೋಣ ಎಂದು ಅಕ್ಟೋಬರ್ ಕೊನೆಯಲ್ಲೇ ಮಕ್ಕಳನ್ನು ಕೇಳಿ ಅದನ್ನೇ ಮಾಡಿದರೆ ನಾಲ್ಕೂ ಸಿಗುತ್ತವೆ.

ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ. ಬೆಂಗಳೂರಿನ ನಮಗೆ?

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶ 2006ರಿಂದ ಇದೆ; ಊರಂಚಿನ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಅಂಗನವಾಡಿ ಮಕ್ಕಳ ಚಿತ್ರಗಳನ್ನು ದೊಡ್ಡ ಮಕ್ಕಳ ಕೈಯಲ್ಲಿ ಅಲ್ಲಿಗೆ ಕಳಿಸಬಹುದು. ನಗರದೊಳಗೆ ವಾರ್ಡೇ ದಾರಿ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದ ಮೇಲೆ ವಿಳಾಸಗಳು ಬದಲಾಗಿವೆ, ನಿಮ್ಮದು ಯಾವ ಪಾಲಿಕೆ, ಯಾವ ವಾರ್ಡು ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಬಡಾವಣೆಯ ಪಾರ್ಕಿನಿಂದ ಶುರು ಮಾಡಿ. ಐದೈದು ಮಕ್ಕಳಿಗೆ ಒಬ್ಬ ದೊಡ್ಡವರು. ಇಷ್ಟವಾದ ಜಾಗಕ್ಕೆ ಹಸಿರು ರಿಬ್ಬನ್, ಇಷ್ಟವಿಲ್ಲದ್ದಕ್ಕೆ ಕೆಂಪು. ಮಗುವಿನ ಎತ್ತರದಿಂದ ಫೋಟೋ. ನಲ್ಲಿ ಎಟಕುವುದಿಲ್ಲ, ಉಯ್ಯಾಲೆಯ ಸರಪಳಿ ತುಕ್ಕು ಹಿಡಿದಿದೆ, ನಾಯಿಗೆ ಹೆದರಿಕೆ: ಇಂಥವೇ ಬರುತ್ತವೆ. ಎಲ್ಲವನ್ನೂ ಕೇಳಬೇಡಿ. ಮಕ್ಕಳು ಆರಿಸಿದ ಒಂದೇ ಬೇಡಿಕೆ, ಮೂರು ಚಿತ್ರ, ದೊಡ್ಡವರು ಬರೆದ ನಾಲ್ಕು ಸಾಲಿನ ಪತ್ರ. ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಮಕ್ಕಳಿಗೆ ತೋರಿಸಿ. ಉತ್ತರ ಬರದಿದ್ದರೆ ಹದಿನೈದು ದಿನಕ್ಕೆ ಮತ್ತೆ ಹೋಗಿ, ಬಂದು ಇದ್ದದ್ದನ್ನು ಇದ್ದಂತೆ ಹೇಳಿ: "ಇನ್ನೂ ಮಾಡಿಲ್ಲವಂತೆ, ಮತ್ತೆ ಕೇಳಿದ್ದೇವೆ." ಸುಳ್ಳು ಸಮಾಧಾನ ಬೇಡ. ಕಾಯುವಾಗ ಕೈಲಾದದ್ದನ್ನು ನೀವೇ ಮಾಡಿ. ನಲ್ಲಿಯ ಬುಡಕ್ಕೆ ಒಂದು ಕಲ್ಲಿನ ಮೆಟ್ಟಿಲು ಇಡಲು ಪಾರ್ಕಿನವರ ಒಪ್ಪಿಗೆ ಸಾಕು.

ನಮ್ಮ ಮಾತೇ ಯಾರೂ ಕೇಳಲ್ಲ. ನಾವು ಮಕ್ಕಳ ಮಾತು ಕೇಳೋದಾ?

ಈ ಪ್ರಶ್ನೆಯ ನೋವು ನ್ಯಾಯವಾದದ್ದು. ಮೇಲಿನವರು ಆದೇಶ ಕಳಿಸುವುದೊಂದೇ ಆದರೆ ಕೆಳಗೆ ಮಕ್ಕಳಿಗೂ ಆದೇಶವೇ ಸಿಗುತ್ತದೆ. ವಾರಕ್ಕೆ 20 ನಿಮಿಷ ಸಿಬ್ಬಂದಿ ಸಭೆ ಇಡಿ. ಸಹಾಯಕಿಯೇ ಮೊದಲು ಮಾತಾಡಲಿ, ಮುಖ್ಯಸ್ಥರು ಕೊನೆಗೆ. ಮಕ್ಕಳು ಶೌಚಾಲಯದಲ್ಲಿ, ಊಟದಲ್ಲಿ ಏನು ಹೇಳುತ್ತಾರೆಂದು ಹೆಚ್ಚು ಗೊತ್ತಿರುವುದು ಸಹಾಯಕಿಗೇ. ಅಂಗನವಾಡಿಯಾದರೆ ಬಾಲ ವಿಕಾಸ ಸಮಿತಿ ಇದೆ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ). ಮಕ್ಕಳ ಗೋಡೆಯ ಚಿತ್ರಗಳನ್ನೇ ಅಲ್ಲಿಗೆ ಒಯ್ದು ತೋರಿಸಿ. ಇನ್ನೊಬ್ಬ ಸಹಾಯಕಿ ಬೇಕು ಎಂಬ ನಿಮ್ಮ ಬೇಡಿಕೆಗೂ ಅದು ಬಲ ಕೊಡುತ್ತದೆ.

ಇದು ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೇಗೆ?

ಅಂಕ ಕೊಡಬೇಡಿ. ವಾರಕ್ಕೊಮ್ಮೆ, ಬೇರೆ ಬೇರೆ ಹೊತ್ತಿನಲ್ಲಿ, ಹತ್ತು ನಿಮಿಷ ಮೂಲೆಯಲ್ಲಿ ಕೂತು ಒಬ್ಬರು ಗೀಟು ಹಾಕಲಿ: ದೊಡ್ಡವರು ಎಷ್ಟು ಬಾರಿ ಆಜ್ಞೆ ಮಾಡಿದರು, ಎಷ್ಟು ಬಾರಿ ನಿಜವಾಗಿ ಕೇಳಿದರು, ಯಾವ ಮಕ್ಕಳ ಹೆಸರು ಒಮ್ಮೆಯೂ ಬರಲಿಲ್ಲ. ಈ ಮೂರನೆಯ ಪಟ್ಟಿಯನ್ನು ತಿಂಗಳ ಕೊನೆಗೆ ಜೋಡಿಸಿ ನೋಡಿ. ಅದರಲ್ಲಿ ಮತ್ತೆ ಮತ್ತೆ ಬರುವುದು ಸಾಮಾನ್ಯವಾಗಿ ಹೊಸದಾಗಿ ಸೇರಿದವರು, ಮನೆಮಾತು ಬೇರೆ ಇರುವವರು, ತುಂಬಾ ಮೆತ್ತಗಿನ ಹುಡುಗಿಯರು.

ಮಕ್ಕಳಲ್ಲಿ ನೋಡಬೇಕಾದ ಗುರುತುಗಳು: ಒಬ್ಬರು "ಬೇಡ" ಎಂದಾಗ ಇನ್ನೊಬ್ಬರು ಕೈ ತೆಗೆಯುವುದು, ದೊಡ್ಡವರನ್ನು ಕರೆಯದೆ ಸರದಿ ಮಾಡಿಕೊಳ್ಳುವುದು, ಸುಮ್ಮನಿರುವ ಗೆಳೆಯನ ಪರವಾಗಿ ಮಾತಾಡುವುದು. "ಮಿಸ್, ನೀವು ಆವತ್ತು ಹೇಳಿದ್ರಿ, ಮಾಡ್ಲೇ ಇಲ್ಲ" ಎಂದು ಮಗು ನಿಮ್ಮ ತಪ್ಪು ಎತ್ತಿ ತೋರಿಸಿದರೆ ಅದು ಎಲ್ಲಕ್ಕಿಂತ ದೊಡ್ಡ ಗುರುತು. ಅದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ, ಹೇಳಿದ ಕೆಲಸವನ್ನು ಅದೇ ದಿನ ಮಾಡಿಬಿಡಿ.